ಜನವರಿಯ ಸ್ವಾತಂತ್ರ್ಯ, ಜೂನ್‌ನ ಹಬ್ಬ

ನಮ್ಮ ಸಂಘದ ಧ್ವಜಾರೋಹಣದ ದಿನ ಚಹಾ-ತಿಂಡಿಯ ಜವಾಬ್ದಾರಿಯನ್ನು ವರ್ಷಗಟ್ಟಲೆ ಹೊತ್ತಿದ್ದ ಒಂದು ಕುಟುಂಬ ಈಗ ನ್ಯೂಜಿಲೆಂಡಿನಲ್ಲಿದೆ. ಆಕ್ಲೆಂಡಿನ ದಕ್ಷಿಣಕ್ಕಿರುವ ಮನುಕಾವ್‌ನಲ್ಲಿ ಮನೆ. ಮೊನ್ನೆ ಜೂನ್ ಮೊದಲ ವಾರ ಅಕ್ಕನ ಫೋನ್ ಬಂತು. ಪಕ್ಕದ ಮನೆಯ ಸಮೋವಾದ ಹೆಂಗಸು ಒಂದು ತಟ್ಟೆ ತಿಂಡಿ ತಂದುಕೊಟ್ಟರಂತೆ. ಕೆಸುವಿನ ಎಲೆಯೊಳಗೆ ತೆಂಗಿನಹಾಲು ಸುರಿದು, ಕಟ್ಟಿ, ಕಾದ ಕಲ್ಲಿನ ಒಲೆಯಲ್ಲಿ ಬೇಯಿಸಿದ್ದು. ಪಲುಸಾಮಿ ಎನ್ನುತ್ತಾರೆ. "ನಮ್ಮ ಪತ್ರೊಡೆಯ ಅಕ್ಕನೋ ತಂಗಿಯೋ ಆಗಬೇಕು, ಖಾರ ಮಾತ್ರ ಇಲ್ಲ" ಎಂದರು ಅಕ್ಕ. ಏನು ವಿಶೇಷ ಎಂದು ಕೇಳಿದ್ದಕ್ಕೆ "ನಮ್ಮ ಸ್ವಾತಂತ್ರ್ಯ ದಿನ" ಎಂಬ ಉತ್ತರ. ಯಾರಿಂದ ಸ್ವಾತಂತ್ರ್ಯ ಎಂದು ಇವರು ಮತ್ತೆ ಕೇಳಿದರು. ಆ ಹೆಂಗಸು ನಕ್ಕು, ಬೀದಿಯ ಕಡೆ ಕೈ ತೋರಿಸಿ, "ಇವರಿಂದಲೇ" ಎಂದರಂತೆ.

ಈ ವರ್ಷದ ಅಂಕಣಕ್ಕೆ ವಿಷಯ ಹುಡುಕುತ್ತಿದ್ದ ನಮಗೆ ಇದು ಸಾಕಾಯಿತು. ಯಾರಿಂದ ಬಿಡುಗಡೆ ಪಡೆದರೋ ಅವರದೇ ಊರಿನಲ್ಲಿ ಬಾಡಿಗೆ ಮನೆ ಮಾಡಿ, ಅವರದೇ ಕಾರ್ಖಾನೆಯಲ್ಲಿ ದುಡಿದು, ಅಲ್ಲಿಯೇ ಆ ಬಿಡುಗಡೆಯ ಹಬ್ಬ ಮಾಡುವುದು ಹೇಗಿರುತ್ತದೆ?

ಸಮೋವಾ ಶಾಂತಸಾಗರದ ನಡುವಿನ ಸಣ್ಣ ದ್ವೀಪದೇಶ. ಅದರ ಪಶ್ಚಿಮ ಭಾಗ 1900ರಿಂದ ಜರ್ಮನಿಯ ಕೈಯಲ್ಲಿತ್ತು. ಮೊದಲ ಮಹಾಯುದ್ಧ ಶುರುವಾದ ತಿಂಗಳಲ್ಲೇ, 1914ರ ಆಗಸ್ಟ್ 29ರಂದು, ನ್ಯೂಜಿಲೆಂಡಿನ ಸೈನ್ಯ ಗುಂಡು ಹಾರಿಸದೆ ಅದನ್ನು ವಶಪಡಿಸಿಕೊಂಡಿತು. ನ್ಯೂಜಿಲೆಂಡ್ ಎಂದರೆ ಕುರಿ, ಹಾಲು, ಕ್ರಿಕೆಟ್ ಎಂದಷ್ಟೇ ತಿಳಿದ ನಮಗೆ ಆ ಪುಟ್ಟ ದೇಶವೂ ಒಂದು ಕಾಲಕ್ಕೆ ಇನ್ನೊಬ್ಬರನ್ನು ಆಳಿತ್ತು ಎನ್ನುವುದೇ ಹೊಸ ಸುದ್ದಿ. ಆಳ್ವಿಕೆ ಚೆನ್ನಾಗಿಯೂ ಇರಲಿಲ್ಲ. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ ತಲೂನೆ ಎಂಬ ಹಡಗಿನಲ್ಲಿ ಇನ್‌ಫ್ಲುಯೆಂಜಾ ಹತ್ತಿದ ರೋಗಿಗಳಿದ್ದರು. ಅಧಿಕಾರಿಗಳು ತಡೆಯದೆ ಅವರನ್ನು ಆಪಿಯಾ ಬಂದರಿನಲ್ಲಿ ಇಳಿಯಲು ಬಿಟ್ಟರು. ಕೆಲವೇ ವಾರಗಳಲ್ಲಿ ಸುಮಾರು 8,500 ಜನ ಸತ್ತರು, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಪಕ್ಕದಲ್ಲೇ ಇದ್ದ ಅಮೆರಿಕನ್ ಸಮೋವಾದಲ್ಲಿ ಹಡಗುಗಳನ್ನು ದೂರವೇ ನಿಲ್ಲಿಸಿದರು, ಅಲ್ಲಿ ಒಬ್ಬರೂ ಸಾಯಲಿಲ್ಲ. ಕ್ವಾರಂಟೈನ್ ಎಂದರೇನೆಂದು 2020ರಲ್ಲಿ ಕ್ಯಾಂಪಿನ ಕೋಣೆಗಳಲ್ಲಿ ಕೂತು ಕಲಿತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಾವುಗಳ ನೆನಪಿನಿಂದಲೂ ಬಲ ಪಡೆದು ಬೆಳೆದ ಚಳವಳಿಯ ಹೆಸರು 'ಮಾಉ'. ನಮ್ಮ ಹಣ್ಣಲ್ಲ, ದೃಢವಾದ ಅಭಿಪ್ರಾಯ ಎಂದು ಅರ್ಥ. ತೆರಿಗೆ ಕೊಡಲಿಲ್ಲ, ಸರ್ಕಾರದ ಕೆಲಸಕ್ಕೆ ಸಹಕರಿಸಲಿಲ್ಲ. ಬಿಳಿ ಪಟ್ಟಿಯ ನೀಲಿ ಪಂಚೆ ಅವರ ಸಮವಸ್ತ್ರ. ಆಯುಧ ಹಿಡಿಯುವುದಿಲ್ಲ ಎನ್ನುವುದು ಅವರ ನಿಯಮ. 1929ರ ಡಿಸೆಂಬರ್ 28, ಶನಿವಾರ, ಗಡೀಪಾರಾಗಿದ್ದ ತಮ್ಮವರನ್ನು ಎದುರುಗೊಳ್ಳಲು ಆಪಿಯಾದ ರಸ್ತೆಯಲ್ಲಿ ಮೆರವಣಿಗೆ ಹೊರಟಾಗ ಪೊಲೀಸರು ಒಬ್ಬನನ್ನು ಬಂಧಿಸಲು ನುಗ್ಗಿದರು, ಗಲಾಟೆಯಾಯಿತು, ಗುಂಡು ಹಾರಿತು. ನ್ಯೂಜಿಲೆಂಡಿನ ಒಬ್ಬ ಪೊಲೀಸನೂ ಎಂಟರಿಂದ ಹನ್ನೊಂದು ಸಮೋವನ್ನರೂ ಸತ್ತರು. ಶಾಂತವಾಗಿರಿ ಎಂದು ಜನರ ನಡುವೆ ಕೂಗುತ್ತಿದ್ದ ನಾಯಕ ತುಪುವಾ ತಮಸೆಸೆ ಲೆಅಲೊಫಿಗೂ ಗುಂಡು ತಗಲಿತು. ಸೇಡು ಬೇಡ ಎಂದು ಹೇಳಿ ಮರುದಿನ ಅವರು ತೀರಿಕೊಂಡರು.

ಆ ತಾರೀಕು ನೋಡಿ. ಅದಾದ ಮೂರೇ ದಿನಕ್ಕೆ, ಡಿಸೆಂಬರ್ 31ರ ಮಧ್ಯರಾತ್ರಿ, ಲಾಹೋರಿನ ರಾವಿ ದಂಡೆಯಲ್ಲಿ ನೆಹರೂ ಪೂರ್ಣ ಸ್ವರಾಜ್ಯದ ಬಾವುಟ ಹಾರಿಸಿದರು. ಇವರಿಗೆ ಅವರ ಸುದ್ದಿ ಗೊತ್ತಿರಲಿಕ್ಕಿಲ್ಲ. ಬಾವುಟ ಏರಿಸಲು ಹೋಗಿ ಗುಂಡು ತಿನ್ನುವ ಸರದಿ 1938ರ ಏಪ್ರಿಲ್‌ನಲ್ಲಿ ನಮ್ಮ ವಿದುರಾಶ್ವತ್ಥಕ್ಕೂ ಬಂತು.

ಮಾಉ ಗಂಡಸರು ಕಾಡು ಸೇರಿದಾಗ ಹೆಂಗಸರು ಚಳವಳಿ ನಡೆಸಿದರು. ಮುಂದಿನದು ನಿಧಾನದ ಕಥೆ. ವಿಶ್ವಸಂಸ್ಥೆಯ ಮೇಲ್ವಿಚಾರಣೆ, 1961ರಲ್ಲಿ ಜನಮತ, ಕಡೆಗೆ 1962ರ ಜನವರಿ 1ರಂದು ಸ್ವಾತಂತ್ರ್ಯ. ಶಾಂತಸಾಗರದ ದ್ವೀಪಗಳಲ್ಲಿ ವಸಾಹತು ಆಳ್ವಿಕೆಯಿಂದ ಮೊದಲು ಬಿಡುಗಡೆಯಾದ ದೇಶ ಅದೇ.

ಹಾಗಾದರೆ ಹಬ್ಬ ಜೂನ್ 1ಕ್ಕೆ ಏಕೆ? ಜನವರಿಯಲ್ಲಿ ಅಲ್ಲಿ ಮಳೆ, ಚಂಡಮಾರುತದ ಕಾಲ. ಹೊಸವರ್ಷದ ರಜೆಯೂ ಅದೇ ದಿನ. ಒಣಹವೆಯ ಜೂನ್ ವಾಸಿ ಎಂದು ಹಬ್ಬವನ್ನು ಅತ್ತ ಸರಿಸಿದರು. ಹವೆ ನೋಡಿ ಸ್ವಾತಂತ್ರ್ಯ ದಿನ ಬದಲಿಸುವುದೇ ಎಂದು ನಗುವ ಮೊದಲು ನಾವು ನಮ್ಮ ಸುತ್ತಲೇ ನೋಡಬಹುದು. ಕುವೈತಿಗೆ ಸ್ವಾತಂತ್ರ್ಯ ಬಂದದ್ದು 1961ರ ಜೂನ್ 19ರಂದು. ಜೂನ್‌ನ ಬಿಸಿಲಿನಲ್ಲಿ ಯಾರು ಮೆರವಣಿಗೆ ಮಾಡಿಯಾರು? ಈಗ ರಾಷ್ಟ್ರೀಯ ದಿನ ಫೆಬ್ರವರಿ 25, ಅದು ಶೇಖ್ ಅಬ್ದುಲ್ಲಾ ಅಲ್ ಸಾಲಿಂ ಪಟ್ಟವೇರಿದ ದಿನ. ಕತಾರ್ ಬಿಡುಗಡೆಯಾದದ್ದು 1971ರ ಸೆಪ್ಟೆಂಬರ್ 3ರಂದು, ದೀಪಾಲಂಕಾರ ಡಿಸೆಂಬರ್ 18ಕ್ಕೆ. ಬಹರೈನ್ ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1971ರ ಆಗಸ್ಟ್ 15, ನಮ್ಮದೇ ತಾರೀಕು! ಆದರೆ ಅವರ ಹಬ್ಬ ಡಿಸೆಂಬರ್ 16. ಮನಾಮದಲ್ಲಿ ಆಗಸ್ಟ್ 15ರಂದು ಲಡ್ಡು ಹಂಚುವ ನಮ್ಮವರಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆಯೋ.

ಮನುಕಾವ್‌ನಲ್ಲಿ ಇನ್ನೊಂದು ತಮಾಷೆ. ಸಮೋವಾದ ಒಣಹವೆ ನೋಡಿ ಆರಿಸಿದ ಜೂನ್ 1 ಆಕ್ಲೆಂಡಿನಲ್ಲಿ ಚಳಿಗಾಲದ ಮೊದಲ ದಿನ, ಜಿಟಿಜಿಟಿ ಮಳೆ. ಜೂನ್‌ನ ಮೊದಲ ಸೋಮವಾರ ಅಲ್ಲಿ ಬ್ರಿಟಿಷ್ ರಾಜನ ಹುಟ್ಟುಹಬ್ಬದ ರಜೆ. ನಾವು ಆಗಸ್ಟ್ 15ರ ಕಾರ್ಯಕ್ರಮವನ್ನು ರಜೆಯ ದಿನಕ್ಕೆ ಹೊಂದಿಸುವಂತೆ ಸಮೋವನ್ನರಿಗೆ ಆ ರಜೆ ಅನುಕೂಲ. ರಾಜನ ಹೆಸರಿನ ರಜೆಯಲ್ಲಿ ರಾಜ್ಯದಿಂದ ಬಿಡುಗಡೆಯಾದ ಹಬ್ಬ! ನ್ಯೂಜಿಲೆಂಡಿಗೆ ತನ್ನದೇ ಆದ ಸ್ವಾತಂತ್ರ್ಯ ದಿನವೇ ಇಲ್ಲ. 1907ರಲ್ಲಿ ಡೊಮಿನಿಯನ್ ಆಯಿತು, 1947ರ ನವೆಂಬರ್‌ನಲ್ಲಿ ಪೂರ್ಣ ಶಾಸನಾಧಿಕಾರ ಪಡೆಯಿತು, ಯಾವುದಕ್ಕೂ ಪಟಾಕಿ ಇಲ್ಲ. ರಾಷ್ಟ್ರೀಯ ದಿನವೆಂದು ಆಚರಿಸುವ ಫೆಬ್ರವರಿ 6, 1840ರಲ್ಲಿ ಮಾವೊರಿ ಮುಖ್ಯಸ್ಥರಿಗೂ ಬ್ರಿಟಿಷರಿಗೂ ವೈತಂಗಿಯಲ್ಲಿ ಒಪ್ಪಂದವಾದ ದಿನ. ಆ ಒಪ್ಪಂದದ ಜಗಳ ಇನ್ನೂ ಮುಗಿದಿಲ್ಲ.

ಈಗ ನಮಗೆ ತೀರ ಹತ್ತಿರದ ಭಾಗಕ್ಕೆ ಬರೋಣ. ಸ್ವಾತಂತ್ರ್ಯ ಪಡೆದವರು ಆಳಿದವರ ಊರಿಗೆ ಏಕೆ ಬಂದರು? ನಾವು ಬಂದ ಕಾರಣಕ್ಕೇ. ಅರವತ್ತರ ದಶಕದಲ್ಲಿ ದಕ್ಷಿಣ ಆಕ್ಲೆಂಡಿನ ಕಾರ್ಖಾನೆಗಳಿಗೆ, ಮಾಂಸ ಸಂಸ್ಕರಿಸುವ ಘಟಕಗಳಿಗೆ ಕೈಗಳು ಬೇಕಿದ್ದವು. ತಾತ್ಕಾಲಿಕ ಪರವಾನಗಿಯ ಮೇಲೆ ಸಮೋವಾ, ಟೊಂಗಾದವರು ಬಂದರು. ವೀಸಾ ಮುಗಿದರೂ ಕೆಲಸ ಇದ್ದಷ್ಟು ಕಾಲ ಯಾರೂ ಕೇಳಲಿಲ್ಲ. ಓಟಾರಾ, ಮಾಂಗೆರೆ ತುಂಬಿದವು, ಊರಿಗೆ ಹಣ ಹೋಯಿತು, ಚರ್ಚುಗಳು ಎದ್ದವು.

1973ರಲ್ಲಿ ಬ್ರಿಟನ್ ಯುರೋಪಿನ ಮಾರುಕಟ್ಟೆ ಸೇರಿತು, ನ್ಯೂಜಿಲೆಂಡಿನ ಬೆಣ್ಣೆ, ಮಾಂಸಕ್ಕೆ ಪೆಟ್ಟು ಬಿತ್ತು. ಅದೇ ವರ್ಷದ ಕೊನೆಗೆ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಆ ಬೆಲೆಯಿಂದಲೇ ನಾವಿರುವ ಈ ಮರುಭೂಮಿಯಲ್ಲಿ ರಸ್ತೆ, ಬಂದರು, ಕಟ್ಟಡ ಎದ್ದವು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಂದ ನಮ್ಮ ಹಿರಿಯರು ಮುಂಬಯಿಗೆ ಹೋಗಿ ವಿಮಾನ ಹತ್ತಿದರು. ಅದೇ ತೈಲದ ಬೆಲೆ ಆಕ್ಲೆಂಡಿನ ಕಾರ್ಖಾನೆಗಳಲ್ಲಿ ಕೆಲಸ ಕಡಿಮೆ ಮಾಡಿ, ನಿನ್ನೆಯವರೆಗೆ ಬೇಕಾಗಿದ್ದ ಸಮೋವನ್ನನನ್ನು 'ಓವರ್‌ಸ್ಟೇಯರ್' ಮಾಡಿತು. ನಮ್ಮ ಮನೆಗೆ ಹೆಂಚು ಹೊದಿಸಿದ ಡ್ರಮ್ಮೇ ಇನ್ನೊಬ್ಬರ ಬಾಗಿಲಿಗೆ ಪೊಲೀಸರನ್ನು ಕರೆತಂದಿತ್ತು ಎಂದು ಈ ಅಂಕಣ ಬರೆಯುವವರೆಗೆ ನಾವು ಯೋಚಿಸಿರಲಿಲ್ಲ.

ಪೊಲೀಸರು ಬರುತ್ತಿದ್ದುದು ನಸುಕಿನಲ್ಲಿ. ಜನ ಹಾಸಿಗೆಯಲ್ಲಿರುವಾಗ ಬಾಗಿಲು ಬಡಿದು ಪಾಸ್‌ಪೋರ್ಟ್ ಕೇಳುವುದು. 'ಡಾನ್ ರೇಡ್' ಎಂದೇ ಅದಕ್ಕೆ ಹೆಸರು ಬಿತ್ತು. 1974ರಲ್ಲಿ ಶುರುವಾಯಿತು, ಆ ಏಪ್ರಿಲ್‌ನಲ್ಲಿ ಸರ್ಕಾರ ದಾಳಿ ನಿಲ್ಲಿಸಿ ನಮಗೆಲ್ಲ ಗೊತ್ತಿರುವ ಆಮ್ನೆಸ್ಟಿಯಂಥ ಅವಕಾಶ ಕೊಟ್ಟಿತು. ಮರುವರ್ಷ ಸರ್ಕಾರ ಬದಲಾಗಿ 1976ರಲ್ಲಿ ದಾಳಿ ಇನ್ನಷ್ಟು ಬಿರುಸಾಯಿತು. ಬೀದಿಯಲ್ಲಿ ಕಂದುಬಣ್ಣದವರನ್ನು ನಿಲ್ಲಿಸಿ ಕಾಗದ ಕೇಳಿದರು. ಕಾನೂನು ಎಲ್ಲರಿಗೂ ಒಂದೇ ಅಲ್ಲವೇ ಎಂದರೆ, ಮುಂದೆ 1985-86ರ ಲೆಕ್ಕ ಹೊರಬಂತು: ವೀಸಾ ಮೀರಿ ಉಳಿದವರಲ್ಲಿ ದ್ವೀಪಗಳವರು ಸುಮಾರು ಮೂರನೇ ಒಂದು ಪಾಲು, ಆದರೆ ಮೊಕದ್ದಮೆಗಳಲ್ಲಿ ಅವರ ಪಾಲು ಶೇಕಡಾ 86. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿದ್ದ ಬ್ರಿಟಿಷ್, ಅಮೆರಿಕನ್ನರ ಮೇಲೆ ಬಿದ್ದ ಮೊಕದ್ದಮೆ ಶೇಕಡಾ 5. ಪಾಲಿನೇಷಿಯನ್ ಪ್ಯಾಂಥರ್ಸ್ ಎಂಬ ಯುವಕರ ಗುಂಪು ಇದಕ್ಕೆ ಕೊಟ್ಟ ಉತ್ತರ ನಮಗೆ ಬಹಳ ಹಿಡಿಸಿತು. ಅವರೂ ನಸುಕಿನಲ್ಲಿ ಮಂತ್ರಿಗಳ ಮನೆ ಮುಂದೆ ಹೋಗಿ, ದೀಪ ಹಾಯಿಸಿ, ಧ್ವನಿವರ್ಧಕದಲ್ಲಿ ಪಾಸ್‌ಪೋರ್ಟ್ ತೋರಿಸಿ ಎಂದು ಕೂಗಿದರು.

ಹೀಗೆ ಮೊಕದ್ದಮೆಗೆ ಸಿಕ್ಕ ಫಲೆಮಾಯಿ ಲೆಸಾ ಎಂಬ ಹೆಂಗಸು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋದರು. ನ್ಯೂಜಿಲೆಂಡಿನ ಆಳ್ವಿಕೆಯಲ್ಲಿ, 1924ರಿಂದ 1948ರ ನಡುವೆ, ಪಶ್ಚಿಮ ಸಮೋವಾದಲ್ಲಿ ಹುಟ್ಟಿದವರು ನ್ಯೂಜಿಲೆಂಡಿನ ಪ್ರಜೆಗಳೇ ಎಂದು 1982ರ ಜುಲೈನಲ್ಲಿ ತೀರ್ಪು ಬಂತು. ಕೆಲವೇ ವಾರಗಳಲ್ಲಿ ಸಂಸತ್ತು ಹೊಸ ಕಾನೂನು ಮಾಡಿ ಆ ಹಕ್ಕನ್ನು ಕಿತ್ತುಕೊಂಡಿತು. ಅದನ್ನು ಮರಳಿ ಪಡೆಯಲು ದಾರಿ ಮಾಡಿಕೊಟ್ಟ ಕಾನೂನು ಬಂದದ್ದು 2024ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಅವರಲ್ಲಿ ತೀರ ಕಿರಿಯರಿಗೂ ಎಪ್ಪತ್ತೈದು ದಾಟಿತ್ತು.

ಕ್ಷಮೆಯೂ ಎರಡು ಸಲ ಬಂತು. ಸ್ವಾತಂತ್ರ್ಯದ ನಲವತ್ತನೇ ಹಬ್ಬಕ್ಕೆ, 2002ರ ಜೂನ್‌ನಲ್ಲಿ, ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಗೆ ಹೋಗಿ 1918ರ ಹಡಗಿಗೂ 1929ರ ಗುಂಡಿಗೂ ಕ್ಷಮೆ ಕೇಳಿದರು. ನಸುಕಿನ ದಾಳಿಗಳಿಗೆ 2021ರ ಆಗಸ್ಟ್ 1ರಂದು ಆಕ್ಲೆಂಡ್ ಟೌನ್ ಹಾಲಿನಲ್ಲಿ ಜಸಿಂಡಾ ಆರ್ಡರ್ನ್ ಕ್ಷಮೆ ಕೇಳಿದರು. ಸಮೋವಾದ ಪದ್ಧತಿಯಂತೆ, ತಪ್ಪು ಮಾಡಿದವರು ನವಿರಾದ ಚಾಪೆ ಹೊದ್ದು ನೊಂದವರ ಮುಂದೆ ಕೂರಬೇಕು. ಅವರು ಚಾಪೆ ತೆಗೆದರೆ ಕ್ಷಮಿಸಿದಂತೆ. ಪ್ರಧಾನಿಯೂ ಚಾಪೆಯಡಿ ಕೂತರು. ಸಮುದಾಯದವರು ಬಂದು ಚಾಪೆ ತೆಗೆದು ಅಪ್ಪಿಕೊಂಡರು.

ಇಂದು ನ್ಯೂಜಿಲೆಂಡಿನಲ್ಲಿ ಸಮೋವನ್ನರು ಎರಡು ಲಕ್ಷಕ್ಕೂ ಹೆಚ್ಚು, ಊರಿನಲ್ಲಿರುವವರೂ ಸುಮಾರು ಅಷ್ಟೇ. ಜೂನ್ 1ರ ಸುತ್ತಿನ ವಾರ ಅಲ್ಲಿ ಸಮೋವಾ ಭಾಷಾ ಸಪ್ತಾಹ. ಶಾಲೆ, ಕಚೇರಿ, ಗ್ರಂಥಾಲಯಗಳಲ್ಲಿ "ತಲೋಫಾ" ಎಂದು ನಮಸ್ಕಾರ ಹೇಳುತ್ತಾರೆ. ಸ್ವಾತಂತ್ರ್ಯದ ಹಬ್ಬಕ್ಕೆ ಭಾಷೆಯನ್ನು ಜೋಡಿಸಿದ್ದು ಜಾಣತನ. ನಾವು ಆಗಸ್ಟ್‌ನಲ್ಲಿ ಬಾವುಟ, ನವೆಂಬರ್‌ನಲ್ಲಿ ಭಾಷೆ ಎಂದು ಬೇರೆ ಬೇರೆ ಇಟ್ಟು, ಎರಡಕ್ಕೂ ಹಾಲ್ ಬುಕ್ ಮಾಡಲು ಪರದಾಡುತ್ತೇವೆ.

ಆಗಸ್ಟ್ 15ಕ್ಕೆ ನಾವು ಬೆಳಿಗ್ಗೆ ಏಳಕ್ಕೆ ಸೇರುವಾಗ ಮನುಕಾವ್‌ನಲ್ಲಿ ಮಧ್ಯಾಹ್ನ ಮೂರು. ಅಕ್ಕ ಈ ಸಲ ಪಕ್ಕದ ಮನೆಗೆ ಪತ್ರೊಡೆ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಾರಂತೆ. ಕೆಸುವಿನ ಎಲೆ ಓಟಾರಾದ ಶನಿವಾರದ ಸಂತೆಯಲ್ಲಿ ಸಿಗುತ್ತದೆ, ಕೆಂಪು ಮೆಣಸು ಸ್ವಲ್ಪ ಕಡಿಮೆ ಹಾಕಬೇಕು, ಅಷ್ಟೇ ಎಂದರು.