ಲೆಕ್ಕ ನಮ್ಮದು, ಬೀಗದ ಕೈ ಯಾರದು?

ರಾಗಿ ಬೀಸಿಸಲು ಮಿಲ್ಲಿಗೆ ಹೋದವರು ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟು, ಹಿಟ್ಟು ಹೊತ್ತು ಮನೆಗೆ ಬರುತ್ತಾರೆ. ಮುಂದಿನ ತಿಂಗಳು ಬೇರೆ ಮಿಲ್ಲಿಗೆ ಹೋದರೆ ಹಳೇ ಮಿಲ್ಲಿನವನು ಬಂದು ಅಡಿಗೆಮನೆಯ ಹಿಟ್ಟಿನ ಡಬ್ಬಕ್ಕೆ ಬೀಗ ಜಡಿಯುವುದಿಲ್ಲ. ಕೆ.ಆರ್.ನಗರದ ಭತ್ತದ ಮಿಲ್ಲಿನಲ್ಲೂ ಅದೇ ನ್ಯಾಯ. ಕೂಲಿ ಮಿಲ್ಲಿನವನದು, ಅಕ್ಕಿ ರೈತನದು.

ಇಂಥ ನ್ಯಾಯ ನಮ್ಮ ಪೇಟೆಗಳ ಗಲ್ಲಾಪೆಟ್ಟಿಗೆ ಪಕ್ಕ ಕೂತಿರುವ ಕಂಪ್ಯೂಟರಿನಲ್ಲಿ ಇದೆಯೇ? ಹುಣಸೂರಿರಲಿ, ಪಿರಿಯಾಪಟ್ಟಣವಿರಲಿ, ಎಚ್.ಡಿ.ಕೋಟೆಯಿರಲಿ, ದಿನಸಿ ಅಂಗಡಿ, ಗೊಬ್ಬರದ ಅಂಗಡಿ, ಮೆಡಿಕಲ್ ಸ್ಟೋರು ಯಾವುದಕ್ಕೇ ಹೋಗಿ, ಬಿಲ್ಲು ಹೊಡೆಯಲು ಒಂದು ಸಾಫ್ಟ್‌ವೇರ್ ಬೇಕು. ಮೊದಲು ಅದನ್ನು ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಈಗ ಮಾರಲು ಬರುವವರ ಬಾಯಲ್ಲಿ ಬಾಡಿಗೆಯ ಮಾತೇ ಹೆಚ್ಚು. ತಿಂಗಳಿಗಿಷ್ಟು, ವರ್ಷಕ್ಕಿಷ್ಟು, ಒಬ್ಬರು ಕೂತರೆ ಇಷ್ಟು, ಇಬ್ಬರು ಕೂತರೆ ಇಷ್ಟು, ಕೆಲವು ಕಡೆ ಬಿಲ್ಲಿಗಿಷ್ಟು. ಇದರ ಮೇಲೆ ಶೇಕಡ 18 ಜಿಎಸ್‌ಟಿ ಬೇರೆ.

ಬಾಡಿಗೆ ಎಂದ ಕೂಡಲೇ ಮೋಸ ಅಂತ ಕೂಗುವುದು ನಮ್ಮ ಉದ್ದೇಶವಲ್ಲ. ಬಾಡಿಗೆ ಹೊಸದೂ ಅಲ್ಲ. 1960, 70ರ ದಶಕದಲ್ಲಿ ಐಬಿಎಂ ಕಂಪನಿ ನಮ್ಮ ದೇಶದಲ್ಲಿ ಕಂಪ್ಯೂಟರ್ ಯಂತ್ರಗಳನ್ನೇ ಬಾಡಿಗೆಗೆ ಕೊಡುತ್ತಿತ್ತು. ಬೇರೆ ದೇಶಗಳಲ್ಲಿ ಹಳತಾದ ಯಂತ್ರಕ್ಕೆ ಇಲ್ಲಿ ಬಾಡಿಗೆ ಎಣಿಸಿಕೊಳ್ಳುತ್ತಾರೆ ಎಂಬ ಗಲಾಟೆ ಆಗಲೇ ಇತ್ತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೇಂದ್ರದ ಕೈಗಾರಿಕಾ ಮಂತ್ರಿಯಾಗಿದ್ದಾಗ, ವಿದೇಶಿ ಕಂಪನಿಗಳು ಪಾಲು ಇಳಿಸಬೇಕೆಂಬ ಕಾನೂನಿಗೆ ಒಪ್ಪದೆ ಅದು 1978ರಲ್ಲಿ ಗಂಟುಮೂಟೆ ಕಟ್ಟಿತು. ಆಗ ಬಾಡಿಗೆ ಕಟ್ಟುತ್ತಿದ್ದವರು ದೊಡ್ಡ ದೊಡ್ಡ ಸಂಸ್ಥೆಗಳು. ಈಗ ಕಟ್ಟುವವನು ಬಸ್ ಸ್ಟ್ಯಾಂಡ್ ಪಕ್ಕದ ಚಪ್ಪಲಿ ಅಂಗಡಿಯವನು.

ಬಾಡಿಗೆಯ ಪರವಾಗಿ ಹೇಳಬೇಕಾದ್ದನ್ನೂ ಹೇಳಿಬಿಡೋಣ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಂದು ದರಗಳು ಒಂದೇ ಏಟಿಗೆ ಬದಲಾದವು. ಹಿಂದಿನ ರಾತ್ರಿ ಒಂದು ದರ, ಬೆಳಗ್ಗೆ ಬಾಗಿಲು ತೆಗೆದಾಗ ಇನ್ನೊಂದು ದರ. ಆ ಬದಲಾವಣೆಯನ್ನು ಸಾಫ್ಟ್‌ವೇರಿಗೆ ತುಂಬುವ ಎಂಜಿನಿಯರನಿಗೂ ಹೊಟ್ಟೆಯಿದೆ. ಸರ್ಕಾರ ಕಾನೂನು ಬದಲಿಸುತ್ತಲೇ ಇರುವ ತನಕ ಒಂದು ಸಲ ಕೊಂಡು ಹತ್ತು ವರ್ಷ ನಿದ್ದೆ ಮಾಡುವ ಹಾಗಿಲ್ಲ. ಜತೆಗೆ ಒಟ್ಟಿಗೆ ಇಪ್ಪತ್ತು ಸಾವಿರ ಸುರಿಯಲಾಗದವನಿಗೆ ತಿಂಗಳ ಬಾಡಿಗೆ ಒಂದು ದಾರಿಯೇ.

ಇನ್ನೊಂದು ಮಾತು, ಕೆಲವರಿಗೆ ಚುಚ್ಚಬಹುದು. ನಮ್ಮ ಕಡೆ ಡಿಟಿಪಿ ಸೆಂಟರುಗಳಲ್ಲಿ, ಅಂಗಡಿಗಳಲ್ಲಿ ಓಡುತ್ತಿದ್ದ ಸಾಫ್ಟ್‌ವೇರುಗಳಲ್ಲಿ ಕಳ್ಳ ಕಾಪಿ ಎಷ್ಟು ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕಳ್ಳ ಕಾಪಿ ಬಳಸಿದರೆ ಹಕ್ಕುಸ್ವಾಮ್ಯ ಕಾಯಿದೆಯ 63ಬಿ ಕಲಮಿನಲ್ಲಿ ಕನಿಷ್ಠ 7 ದಿನದಿಂದ 3 ವರ್ಷದ ತನಕ ಸಜೆ, 50 ಸಾವಿರದಿಂದ 2 ಲಕ್ಷದ ತನಕ ದಂಡ ಇದೆ. ಸಣ್ಣ ಬಾಡಿಗೆ ಸಿಕ್ಕಿದ್ದರಿಂದ ಎಷ್ಟೋ ಜನ ಈ ಭಯ ಬಿಟ್ಟು ನೆಟ್ಟಗಾದರು. ಅದು ಒಳ್ಳೆಯದೇ.

ಮೀಟರ್ ಹೇಗಿರಬೇಕು ಎಂಬುದಕ್ಕೆ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಆಟೋ ಚಾಲಕರು ಆ್ಯಪ್ ಕಂಪನಿಗಳ ಕಮಿಷನ್ ಕೊಟ್ಟು ಕೊಟ್ಟು ಸೋತು, 2022ರಲ್ಲಿ ಅವರ ಸಂಘದ ಬೆಂಬಲದಲ್ಲಿ ‘ನಮ್ಮ ಯಾತ್ರಿ’ ಶುರುವಾಯಿತು. 2023ರಲ್ಲಿ ಅದು ಚಾಲಕರಿಗೆ ಎರಡು ದಾರಿ ಇಟ್ಟಿತು. ದಿನಕ್ಕೆ 25 ರೂಪಾಯಿ ಕಟ್ಟಿ ಎಷ್ಟು ಬೇಕಾದರೂ ಓಡಿಸಿ, ಇಲ್ಲವೇ ಒಂದು ಬಾಡಿಗೆಗೆ ಮೂರೂವರೆ ರೂಪಾಯಿ ಕೊಡಿ; 10 ಬಾಡಿಗೆ ದಾಟಿದ ಮೇಲೆ ಆ ದಿನ ಮತ್ತೇನೂ ಕೊಡಬೇಕಿಲ್ಲ. ಲೆಕ್ಕ ಹಾಕಿ ನೋಡಿ. 7 ಬಾಡಿಗೆಗೆ ಇಪ್ಪತ್ತನಾಲ್ಕೂವರೆ ರೂಪಾಯಿ, 8 ಆದರೆ 28. ಅಂದರೆ 7ರ ತನಕ ಮೀಟರ್ ಲಾಭ, 8ರಿಂದ ಮೇಲಕ್ಕೆ ದಿನದ ಲೆಕ್ಕ ಲಾಭ. ಮಳೆ ಹೊಡೆದು ಗಿರಾಕಿ ಇಲ್ಲದ ದಿನ ಚಾಲಕನ ಮೇಲೆ ಭಾರವಿಲ್ಲ, ಹಬ್ಬದ ದಿನ ಎಷ್ಟು ಓಡಿಸಿದರೂ ಮೀಟರ್ 35 ರೂಪಾಯಿಗೆ ನಿಲ್ಲುತ್ತದೆ. ಬೆರಳಲ್ಲಿ ಎಣಿಸಬಹುದಾದ ಲೆಕ್ಕ. ಕಡೆಗೆ ಊಬರ್ ಕಂಪನಿ ಕೂಡ 2025ರಲ್ಲಿ ಆಟೋಗಳಿಗೆ ಕಮಿಷನ್ ಬಿಟ್ಟು ದಿನದ ಚಂದಾ ಕ್ರಮಕ್ಕೆ ಬಂತು.

ಅಂಗಡಿಯವರಿಗೆ ಇಷ್ಟು ನಿಚ್ಚಳ ಲೆಕ್ಕ ಯಾರು ಕೊಟ್ಟಿದ್ದಾರೆ? ನಮ್ಮ ಕಡೆ ವ್ಯಾಪಾರ ಹನ್ನೆರಡು ತಿಂಗಳೂ ಒಂದೇ ಸಮ ಇರುವುದಿಲ್ಲ. ಹೊಗೆಸೊಪ್ಪಿನ ಹರಾಜು ನಡೆದು ರೈತನ ಕೈಗೆ ದುಡ್ಡು ಬಂದಾಗ ಹುಣಸೂರು, ಪಿರಿಯಾಪಟ್ಟಣದ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಉಳಿದ ಕಾಲದಲ್ಲಿ ಮಾಲೀಕರು ಪೇಪರ್ ಓದುತ್ತಾ ಕೂತಿರುತ್ತಾರೆ. ಇಂಥವರಿಗೆ ಬಿಲ್ಲಿಗಿಷ್ಟು ಎಂಬ ಮೀಟರ್ ಅನುಕೂಲ ಆಗಬಹುದು, ಆದರೆ ಮೇಲೆ ಒಂದು ಮಿತಿ ಇದ್ದರೆ ಮಾತ್ರ. ಮಿತಿಯಿಲ್ಲದ ಮೀಟರ್ ಸುಗ್ಗಿಯಲ್ಲಿ ಗಿಡುಗನ ಹಾಗೆ ಎರಗುತ್ತದೆ. ಮೀಟರೋ, ತಿಂಗಳ ಬಾಡಿಗೆಯೋ, ಆರಿಸಿಕೊಳ್ಳುವ ಹಕ್ಕು ಅಂಗಡಿಯವನದಾಗಿರಬೇಕು.

ಇದೆಲ್ಲ ದುಡ್ಡಿನ ಮಾತಾಯಿತು. ನಮಗೆ ನಿಜವಾಗಿ ಭಯ ಇರುವುದು ಬೀಗದ್ದು.

ಜಿಎಸ್‌ಟಿ ಕಾಯಿದೆಯ 36ನೇ ಕಲಮು ಏನು ಹೇಳುತ್ತದೆ? ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. 2023-24ರ ಲೆಕ್ಕಕ್ಕೆ ಆ ಗಡುವು 2024ರ ಡಿಸೆಂಬರ್ 31 ಆಗಿತ್ತು. ಅಂದರೆ 2030ರ ಡಿಸೆಂಬರ್ ಮುಗಿಯುವ ತನಕ ಸಾಹೇಬರು ಕೇಳಿದಾಗ ತೆಗೆದು ತೋರಿಸಬೇಕು. ಬಾಡಿಗೆಯ ಕರಾರು ಒಂದು ತಿಂಗಳದು, ಹೆಚ್ಚೆಂದರೆ ಒಂದು ವರ್ಷದ್ದು. ಕಾನೂನಿನ ಕರಾರು ಆರು ವರ್ಷದ್ದು. ಬಾಡಿಗೆ ನಿಂತ ಮಾರನೇ ದಿನ ಲೆಕ್ಕ ತೆರೆಯದಿದ್ದರೆ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುವವನು ಸಾಫ್ಟ್‌ವೇರ್ ಕಂಪನಿಯವನಲ್ಲ ಸ್ವಾಮಿ, ಅಂಗಡಿಯವನು. ಗಿರಾಕಿಗಳ ಸಾಲದ ಲೆಕ್ಕ ಸಹ ಅದರೊಳಗೇ ಇರುತ್ತದೆ. ಯಾರು ಎಷ್ಟು ಕೊಡಬೇಕು ಅಂತಲೇ ಕಾಣದಿದ್ದರೆ ವಸೂಲಿಗೆ ಯಾರ ಮನೆ ಬಾಗಿಲಿಗೆ ಹೋಗುವುದು?

ಎಲ್ಲರೂ ಹೀಗೆ ಬೀಗ ಹಾಕುತ್ತಾರೆ ಎಂದಲ್ಲ. 1986ರಲ್ಲಿ ಬೆಂಗಳೂರಿನ ಗೋಯೆಂಕಾ ಅಪ್ಪ ಮಗ ಶುರು ಮಾಡಿದ ಟ್ಯಾಲಿಯಲ್ಲಿ ಕೊಂಡ ಲೈಸೆನ್ಸು ಸಾಯುವುದಿಲ್ಲ. ವರ್ಷದ ನವೀಕರಣ ಕಟ್ಟದಿದ್ದರೆ ಹೊಸ ಆವೃತ್ತಿ ಸಿಗುವುದಿಲ್ಲ. ಲೆಕ್ಕದ ಫೈಲು ಸಾಮಾನ್ಯವಾಗಿ ಅಂಗಡಿಯ ಕಂಪ್ಯೂಟರಿನಲ್ಲೇ ಕೂತಿರುತ್ತದೆ. ಮೊಬೈಲಿನಲ್ಲೋ, ಇಂಟರ್‌ನೆಟ್ಟಿನಲ್ಲೋ ಮಾತ್ರ ನಡೆಯುವ ಕೆಲವು ಬಿಲ್ಲಿಂಗ್ ಆ್ಯಪ್‌ಗಳ ಕತೆಯೇ ಬೇರೆ. ಅಲ್ಲಿ ಕಿರ್ದಿ, ಖಾತೆ ಎಲ್ಲ ಎಲ್ಲಿಯದೋ ಊರಿನ ಯಂತ್ರದಲ್ಲಿ. ನಮ್ಮ ಕೈಯಲ್ಲಿರುವುದು ಬರೀ ಪಾಸ್‌ವರ್ಡು.

ಬೀಗದ ರುಚಿ ಕನ್ನಡ ಡಿಟಿಪಿಯವರು ಈಗಾಗಲೇ ನೋಡಿದ್ದಾರೆ. ಹಿಂದೆ ಒಂದೊಂದು ಕನ್ನಡ ಸಾಫ್ಟ್‌ವೇರಿಗೆ ಒಂದೊಂದು ಅಕ್ಷರ ಸಂಕೇತ. ಒಂದರಲ್ಲಿ ಹೊಡೆದ ಲಗ್ನಪತ್ರಿಕೆ ಇನ್ನೊಂದರಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ಚಿತ್ರಾನ್ನ. ಆ ಸಾಫ್ಟ್‌ವೇರ್ ಕೈಬಿಟ್ಟು ಹೋದವರ ಹಳೇ ಫೈಲುಗಳು ಈಗ ಕಸ. ಯೂನಿಕೋಡ್ ಬಂದ ಮೇಲೆ ಆ ಸಂಕಟ ಇಳಿಯಿತು. ಕನ್ನಡಕ್ಕಾಗಿ ಮೀಟರಿಲ್ಲದೆ ದುಡಿದವರೂ ಇದ್ದಾರೆ. ಕೆ.ಪಿ.ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಎಲ್ಲರ ಸ್ವತ್ತಾಯಿತು. ಶೇಷಾದ್ರಿವಾಸು 1998ರಲ್ಲಿ ‘ಬರಹ’ವನ್ನು ಬಿಟ್ಟಿ ಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಮೂಲಕ ಉಚಿತವಾಗಿ ಊರೂರಿಗೆ ಮುಟ್ಟಿತು. ಅಕ್ಷರಕ್ಕೆ ಅಷ್ಟು ಮಾಡಿದ ಸರ್ಕಾರ ಲೆಕ್ಕಕ್ಕೂ ಒಂದು ಸರಳ ಕನ್ನಡ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಸಿ ಸಣ್ಣ ವರ್ತಕರ ಕೈಗಿಟ್ಟರೆ ಖಜಾನೆ ಬರಿದಾಗುವುದಿಲ್ಲ. ತೆರಿಗೆ ಬರುವುದು ಅದೇ ಬಿಲ್ಲಿನಿಂದ ತಾನೆ?

ಅದು ಬರುವ ತನಕ ವರ್ತಕರ ಸಂಘಗಳು ಮಾಡಬಹುದಾದ್ದು ಬಹಳ ಇದೆ. ಒಬ್ಬೊಬ್ಬ ಅಂಗಡಿಯವನು ಕೇಳಿದರೆ ಕಂಪನಿಯ ಹುಡುಗ ನಕ್ಕು ‘ಅದೆಲ್ಲ ಆಗಲ್ಲ ಸಾರ್’ ಅನ್ನುತ್ತಾನೆ. ನಾಲ್ಕು ತಾಲ್ಲೂಕಿನ ಸಂಘಗಳು ಒಟ್ಟಿಗೆ ಕೇಳಿದರೆ ಮೇಲಿನವರಿಗೆ ಫೋನು ಮಾಡುತ್ತಾನೆ. ಬಾಡಿಗೆ ನಿಂತ ಮೇಲೂ ಹಳೇ ಲೆಕ್ಕವನ್ನು ಓದಲು, ಪ್ರಿಂಟ್ ತೆಗೆಯಲು 72 ತಿಂಗಳು ಬಿಡಬೇಕು, ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳಲು ದುಡ್ಡು ಕೇಳಬಾರದು, ಬಾಡಿಗೆ ಏರಿಸುವುದಾದರೆ ಮೂರು ತಿಂಗಳ ಮುಂಚೆ ಹೇಳಬೇಕು, ಕರಾರು ಕನ್ನಡದಲ್ಲಿರಬೇಕು. ‘ನಾನು ಒಪ್ಪಿದ್ದೇನೆ’ ಎಂಬ ಚೌಕಕ್ಕೆ ಟಿಕ್ ಹಾಕುವವರಲ್ಲಿ ನೂರಕ್ಕೆ ತೊಂಬತ್ತು ಜನ ಓದಿರುವುದಿಲ್ಲ ಅಂತ ಕಂಪನಿಗೂ ಗೊತ್ತು.

ತಾನೇ ದುಡಿದು ಹೊಟ್ಟೆ ಹೊರೆಯಲು ಅಂಗಡಿ ಇಟ್ಟವನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಗ್ರಾಹಕನೇ. ಅಂಥವನ ಲೆಕ್ಕಕ್ಕೆ ಬೀಗ ಬಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ಆದರೆ ಬಸ್ ಹತ್ತಿ ಮೈಸೂರಿಗೆ ಅಲೆಯುವ ಮೊದಲು ಅಂಗಡಿಯಲ್ಲೇ ಒಂದು ಕೆಲಸ ಆಗಬೇಕು. ಇವತ್ತು ರಾತ್ರಿ ಬಾಗಿಲು ಹಾಕುವ ಮುಂಚೆ ಈ ವರ್ಷದ ಲೆಕ್ಕವನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ, ಬೇರೆ ಕಂಪ್ಯೂಟರಿನಲ್ಲಿ ಹಾಕಿ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಮುಂದಿನ ಕಂತು ಕೇಳಲು ಬಂದವನನ್ನು ಕೂರಿಸಿ, ಟೀ ತರಿಸಿ, ಯಾಕೆ ತೆರೆಯುವುದಿಲ್ಲ ಅಂತ ಬಿಳಿ ಹಾಳೆಯ ಮೇಲೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.