ಕ್ಲಿಕ್ ಕೇಳಿಸಿತೇ?

ಮಕ್ಕಳೇ, ಗಿಯರ್ ಇರುವ ಸೈಕಲ್ ತುಳಿದವರಿಗೆ ಇದು ಗೊತ್ತು. ಸಮತಟ್ಟು ರಸ್ತೆ ಬಂದಾಗ ಗಿಯರ್ ಬದಲಿಸಿದರೆ ಕಾಲು ನಿಧಾನವಾಗಿ ತುಳಿದರೂ ಸೈಕಲ್ ಅದೇ ವೇಗದಲ್ಲಿ ಓಡುತ್ತದೆ. ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಇಂಥದೇ ಕೆಲಸ ಮಾಡುತ್ತಿದ್ದ ಸಾಧನ ಓವರ್‌ಡ್ರೈವ್. ಎಡ್ಗರ್ ಡಿ ನಾರ್ಮನ್‌ವಿಲ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದರು. ಶೆಫೀಲ್ಡ್ ಪಟ್ಟಣದ ಲೇಕಾಕ್ ಕಂಪನಿ ತಯಾರಿಸಿತು. ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿಗೆ ಇದು ಮೊದಲು ಬಂತು. ಅದೇ ವ್ಯಾನ್‌ಗಾರ್ಡ್ ಮುಂದೆ ನಮ್ಮ ಮದರಾಸಿನಲ್ಲೂ ತಯಾರಾಯಿತು. ಮನೆಯ ಹಿರಿಯರನ್ನು ಕೇಳಿ, ನೋಡಿದ ನೆನಪಿರಬಹುದು.

ಇದರ ಒಳಗೊಂದು ಪುಟ್ಟ ಸೌರವ್ಯೂಹವೇ ಇದೆ. ನಡುವೆ ಸೂರ್ಯಚಕ್ರ, ಸುತ್ತ ಗ್ರಹಚಕ್ರಗಳು, ಹೊರಗೊಂದು ಹಲ್ಲಿನ ಬಳೆ. ಚಾಲಕ ಸ್ವಿಚ್ ಹಾಕಿದೊಡನೆ ಸೊಲೆನಾಯ್ಡ್ ಎಂಬ ವಿದ್ಯುತ್ ಸುರುಳಿ ‘ಕ್ಲಿಕ್’ ಎಂದು ಒಂದು ವಾಲ್ವನ್ನು ಚಲಿಸುತ್ತದೆ. ಪಂಪು ತಳ್ಳುವ ಎಣ್ಣೆಯ ಒತ್ತಡ ಏರಿ, ಶಂಕುವಿನಾಕಾರದ ಕ್ಲಚ್ಚು ಸರಿದು ಸೂರ್ಯಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಆಗ ಗ್ರಹಚಕ್ರಗಳು ಅದರ ಸುತ್ತ ಉರುಳಿ, ಹೊರಬಳೆಯನ್ನು ಇನ್ನೂ ಜೋರಾಗಿ ತಿರುಗಿಸುತ್ತವೆ. ಇಷ್ಟೆಲ್ಲ ನಡೆಯಲು ಒಂದು ಸೆಕೆಂಡು ಸಾಕು.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗನ ಬಳಿ 1972ರ ಎಂಜಿಬಿ ಕಾರಿದೆ. ಹೋದ ವರ್ಷ ಫೋನ್ ಮಾಡಿ, “ಮಾವ, ಸ್ವಿಚ್ ಹಾಕಿದ ಮೇಲೆ ನಾಲ್ಕೈದು ಸೆಕೆಂಡು ಕಾಯಬೇಕು. ಗ್ಯಾರೇಜಿನವರು ಎಲ್ಲ ಬಿಚ್ಚಬೇಕು ಅಂತಾರೆ” ಎಂದ. ಆ ಕಾರಿನಲ್ಲಿ ಓವರ್‌ಡ್ರೈವ್ ಬಿಚ್ಚಬೇಕಾದರೆ ಎಂಜಿನ್ನು, ಗಿಯರ್‌ಬಾಕ್ಸು ಎರಡನ್ನೂ ಒಟ್ಟಿಗೇ ಹೊರಗೆ ತೆಗೆಯಬೇಕು. ಅವರು ಕೇಳಿದ ಹಣ ಅವನ ಒಂದು ತಿಂಗಳ ಮನೆ ಖರ್ಚಿಗಿಂತ ಹೆಚ್ಚು. ಕಾರನ್ನು ಮಾರಿಬಿಡಲೇ ಎನ್ನುವ ಮಟ್ಟಕ್ಕೆ ಬಂದಿದ್ದ.

ನಾನು ಮೆಕ್ಯಾನಿಕ್ ಅಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ನಾವು ಇಡೀ ಲೆಡ್ಜರ್ ಹೊಸದಾಗಿ ಬರೆಯುತ್ತಿರಲಿಲ್ಲ. ಮೊದಲು ಕೂಡಿಕೆ, ಆಮೇಲೆ ಅಂಕಿ ಅದಲುಬದಲು, ಕೊನೆಗೆ ವೋಚರ್ ಒಂದೊಂದಾಗಿ. “ಏನಪ್ಪಾ, ಆ ಕಾರಿನ ವರ್ಕ್‌ಶಾಪ್ ಕೈಪಿಡಿ ಕಳಿಸು” ಎಂದೆ. ಓದಿ, ಖರ್ಚಿಲ್ಲದ್ದು ಮೊದಲು ಬರುವಂತೆ ಪಟ್ಟಿ ಮಾಡಿದೆ.

ಒಂದು: ಎಂಜಿನ್ ನಿಲ್ಲಿಸಿ, ಕೀ ತಿರುಗಿಸಿ, ನಾಲ್ಕನೇ ಗಿಯರಿನಲ್ಲಿಟ್ಟು ಸ್ವಿಚ್ ಹಾಕು. ‘ಕ್ಲಿಕ್’ ಕೇಳಿಸದಿದ್ದರೆ ಅಥವಾ ಕ್ಷೀಣವಾಗಿದ್ದರೆ ತಂತಿ, ಅರ್ತ್, ಸ್ವಿಚ್ಚು, ಸೊಲೆನಾಯ್ಡ್ ನೋಡು. ತಕ್ಷಣ ಗಟ್ಟಿಯಾಗಿ ಕೇಳಿಸಿದರೆ ತಡವಾಗುತ್ತಿರುವುದು ಎಣ್ಣೆಯ ಕಡೆ.

ಎರಡು: ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟ ನೋಡು. ಗಿಯರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಒಂದೇ ಎಣ್ಣೆ. ಕಡಿಮೆಯಾದರೆ ಪಂಪು ಗಾಳಿ ಹೀರುತ್ತದೆ, ಒತ್ತಡ ಏರಲು ಹೊತ್ತಾಗುತ್ತದೆ.

ಮೂರು: ಎಣ್ಣೆ ಬಸಿದು, ತಳದಲ್ಲಿರುವ ಜಾಲರಿ ಫಿಲ್ಟರ್ ತೊಳೆ.

ನಾಲ್ಕು: ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಾದ ಮೇಲೆ ತಡವಾಗುತ್ತದೆಯೇ? ಹಾಗಿದ್ದರೆ ತೆಳುವಾದ ಎಣ್ಣೆ ಸವೆದ ರಬ್ಬರ್ ಉಂಗುರಗಳ ಸಂದಿಯಲ್ಲಿ ಸೋರುತ್ತಿರಬಹುದು. ಇಲ್ಲಿಂದ ಮುಂದೆ ಒತ್ತಡ ಅಳೆಯುವ ಗೇಜು ಬೇಕು, ಬಲ್ಲವರ ಕೈ ಬೇಕು. ಒಳಗೆ ಚದರ ಇಂಚಿಗೆ ನೂರಾರು ಪೌಂಡು ಒತ್ತಡವಿರುತ್ತದೆ. ಅದು ಆಟದ ಸಾಮಾನಲ್ಲ.

ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಮಾತು ಬರೆದೆ. ಸ್ವಿಚ್ ತೆಗೆದರೂ ಓವರ್‌ಡ್ರೈವ್ ಬಿಡದೆ ಹಿಡಿದುಕೊಂಡಿದ್ದರೆ ಕಾರನ್ನು ಹಿಂದಕ್ಕೆ ತೆಗೆಯಲೇಬಾರದು. ಒಂದೇ ದಿಕ್ಕಿಗೆ ತಿರುಗುವ ಒಳಗಿನ ಕ್ಲಚ್ಚು ಮುರಿದುಹೋಗುತ್ತದೆ.

ಕ್ಲಿಕ್ ಗಟ್ಟಿಯಾಗಿಯೇ ಇತ್ತು. ಎಣ್ಣೆ ಮಾತ್ರ ಅರ್ಧ ಲೀಟರಿಗಿಂತ ಹೆಚ್ಚು ಕಡಿಮೆ, ಜಾಲರಿಯ ತುಂಬ ಕೊಳೆ. ತೊಳೆದು ತುಂಬಿದ ಮೇಲೆ ಓವರ್‌ಡ್ರೈವ್ ಸೆಕೆಂಡಿನೊಳಗೆ ಹಿಡಿಯಿತು. ಅವನಿಗೆ ಸಂತೋಷವೋ ಸಂತೋಷ. ನಾನು ಬಿಡಲಿಲ್ಲ. “ಹೋದ ಎಣ್ಣೆ ಎಲ್ಲಿಗೆ ಹೋಯಿತು?” ಎಂದು ಕೇಳಿದೆ. ಕ್ಯಾಷ್ ಕಡಿಮೆ ಬಂದಾಗ ಜೇಬಿನಿಂದ ಹಾಕಿ ತುಂಬಿಸಿದರೆ ಲೆಕ್ಕ ಮುಗಿಯುತ್ತದೆಯೇ? ಹುಡುಕಿದಾಗ ಸ್ಪೀಡೋಮೀಟರ್ ಕೇಬಲ್ ಸೇರುವ ಕಡೆ ಸೀಲು ಸವೆದು ಜಿನುಗುತ್ತಿತ್ತು. ಅಗ್ಗದ ಸೀಲು ಹಾಕಿಸಿದ. ಕಾರು ಮನೆಯಲ್ಲೇ ಉಳಿಯಿತು.

ನಿಮ್ಮ ಮನೆಯ ಮಿಕ್ಸಿ ನಿಂತರೂ, ಪಂಪು ನೀರೆತ್ತದಿದ್ದರೂ ಕ್ರಮ ಇದೇ. ಮೊದಲು ಕಣ್ಣು ಕಿವಿ, ಆಮೇಲೆ ಸ್ಪ್ಯಾನರ್. ಕರೆಂಟಿನ ಸಾಮಾನಾದರೆ ಮಾತ್ರ ದೊಡ್ಡವರು ಜೊತೆಗಿರಲಿ.

ಈ ವಾರದ ಲೆಕ್ಕ: ನಾಲ್ಕನೇ ಗಿಯರಿನಲ್ಲಿ ಎಂಜಿನ್ ನಿಮಿಷಕ್ಕೆ 3500 ಸುತ್ತು ತಿರುಗುತ್ತಿದೆ. ಕಾರಿನ ವೇಗ ಬದಲಾಗದಂತೆ ಓವರ್‌ಡ್ರೈವ್ ಹಾಕಿದರೆ ಅದರ 0.82 ಪಾಲು ಸಾಕು. ಒಂದು ಗಂಟೆಯಲ್ಲಿ ಎಂಜಿನ್ನಿಗೆ ಎಷ್ಟು ಸುತ್ತು ಉಳಿತಾಯ? ಉತ್ತರ ಮುಂದಿನ ವಾರ.