ನಮ್ಮ ಮಕ್ಕಳ ಚಿತ್ರದಲ್ಲಿ ನಮ್ಮ ನೆಲ ಎಲ್ಲಿದೆ?

ಬಸವಕಲ್ಯಾಣ ಅಥವಾ ಹುಮನಾಬಾದಿನ ಯಾವುದೇ ಶಾಲೆಗೆ ಹೋಗಿ, ಐದನೆಯ ತರಗತಿಯ ಮಕ್ಕಳಿಗೆ ನಿಸರ್ಗದ ಚಿತ್ರ ಬರೆಯಲು ಹೇಳಿ ನೋಡಿ. ಎರಡು ತ್ರಿಕೋನದ ಬೆಟ್ಟಗಳು, ಅವುಗಳ ನಡುವೆ ಉದಯಿಸುವ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ದಡದಲ್ಲೊಂದು ತೆಂಗಿನ ಮರ, ಪಕ್ಕದಲ್ಲಿ ಕೆಂಪು ಹೆಂಚಿನ ಮನೆ. ನನ್ನ ಸೇವಾವಧಿಯಲ್ಲಿ ಈ ಚಿತ್ರವನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ! ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹುಪಾಲು ಜನರೂ ಇದನ್ನೇ ಬರೆದವರು.

ಆದರೆ ಆ ಬೆಟ್ಟ ನಮ್ಮಲ್ಲಿ ಎಲ್ಲಿದೆ? ನಮ್ಮದು ಮೇಜಿನಂತೆ ಚಪ್ಪಟೆಯಾದ ಜಂಬಿಟ್ಟಿಗೆಯ ಪ್ರಸ್ಥಭೂಮಿ. ದಿಬ್ಬದ ಮೇಲೆ ಕೆಂಪು ಮುರುಮು, ತಗ್ಗಿನಲ್ಲಿ ಕರಿಯ ಎರೆ. ಮರವೆಂದರೆ ಬೇವು, ಜಾಲಿ, ಹುಣಸೆ, ಮುತ್ತುಗ. ತಾನು ನಿತ್ಯ ನಡೆಯುವ ಹಾದಿ ಚಿತ್ರಕ್ಕೆ ಅರ್ಹವಲ್ಲ, ಅಂದವೆಂಬುದು ಬೇರೆ ಊರಿನಲ್ಲಿದೆ ಎಂದು ಮಗು ಹತ್ತು ವರ್ಷ ತುಂಬುವ ಮೊದಲೇ ಕಲಿತುಬಿಡುತ್ತದೆ. ಬರಗಾಲದ ನಾಡು, ಹಿಂದುಳಿದ ನಾಡು ಎಂಬ ಮಾತನ್ನು ಹೊರಗಿನವರು ಹೇಳಿದಾಗ ನಾವು ಸುಲಭವಾಗಿ ತಲೆಯಾಡಿಸುವುದಕ್ಕೂ ಈ ಪಾಠಕ್ಕೂ ಸಂಬಂಧವಿದೆಯೆಂದು ನಾನು ನಂಬಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು: ಮಗುವಿಗೆ ನೂರು ದೃಶ್ಯಗಳನ್ನು ನಕಲು ಮಾಡಿಸುವ ಬದಲು ಒಂದೇ ಹೊಲವನ್ನು, ಒಂದೇ ಬದುವಿನ ಮೇಲೆ ಕೂರಿಸಿ, ವರ್ಷವಿಡೀ ಬರೆಯಿಸಬೇಕು. ಫ್ರಾನ್ಸಿನ ಮೋನೆ 1890-91ರಲ್ಲಿ ತನ್ನ ಮನೆಯ ಸಮೀಪದ ಬಣವೆಗಳನ್ನೇ ಬೆಳಕು ಬದಲಾದಂತೆಲ್ಲ ಸುಮಾರು ಇಪ್ಪತ್ತೈದು ಚಿತ್ರಗಳಲ್ಲಿ ಬರೆದನು. ನಮ್ಮ ರುಮಾಲೆ ಚನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಬಿಟ್ಟ ಮರಗಳತ್ತ ಮತ್ತೆ ಮತ್ತೆ ಮರಳಿದರು. ಬಣವೆ ನಮ್ಮಲ್ಲಿ ಇಲ್ಲವೇ? ಹೂಬಿಡುವ ಮರ ಇಲ್ಲವೇ?

ವರ್ಷದ ಬಣ್ಣಗಳನ್ನು ನೆನಪಿಸಿಕೊಳ್ಳಿ. ಮೇ ತಿಂಗಳಲ್ಲಿ ಎರೆಹೊಲ ಬಿರುಕು ಬಿಟ್ಟು, ಬೂದಿ ಬಳಿದಂತೆ ಬಿಳಚಿಕೊಂಡಿರುತ್ತದೆ. ಮೃಗಶಿರಾ ಮಳೆ, ನಮ್ಮವರ ಬಾಯಲ್ಲಿ ‘ಮಿರಗ’, ಬಿದ್ದ ಮರುದಿನ ಅದೇ ಹೊಲ ಕಾಡಿಗೆಯಂತೆ ಕಪ್ಪಾಗುತ್ತದೆ. ಶ್ರಾವಣದಲ್ಲಿ ಉದ್ದು, ಹೆಸರು, ಸೋಯಾಗಳ ಹಸಿರು. ಮೂರೂ ಬೇರೆ ಬೇರೆ ಹಸಿರು ಎಂಬುದನ್ನು ಬರೆಯಲು ಕೂತವನೇ ಬಲ್ಲ. ದೀಪಾವಳಿಯ ನಂತರ ತೊಗರಿಯ ಹಳದಿ ಹೂವು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹಿಂಗಾರಿ ಜೋಳ ಎದೆಮಟ್ಟ ಬೆಳೆದಿರುತ್ತದೆ. ಆಮೇಲೆ ಕುಸುಬೆ ಹೂವಿನ ಕಿತ್ತಳೆ. ಹೋಳಿಯ ಸುಮಾರಿಗೆ ಎಲೆಯೇ ಇಲ್ಲದ ಮುತ್ತುಗದ ಕೊಂಬೆಗಳಲ್ಲಿ ಕೆಂಡದಂಥ ಹೂವು. ಇಷ್ಟನ್ನೂ ಕೊಡುವ ನೆಲಕ್ಕೆ ತ್ರಿಕೋನದ ಬೆಟ್ಟವನ್ನು ಸಾಲ ತರುವ ಅಗತ್ಯವೇನು?

ಆಕ್ರಿಲಿಕ್ ಬಣ್ಣವನ್ನೇ ಏಕೆ ಸೂಚಿಸುತ್ತೇನೆಂದು ಚಿತ್ರಕಲೆ ಬಲ್ಲ ಸ್ನೇಹಿತರು ಕೇಳುತ್ತಾರೆ. ಜಲವರ್ಣವೇ ಶುದ್ಧ, ತೈಲವರ್ಣವೇ ಗಂಭೀರ, ಆಕ್ರಿಲಿಕ್ ಎಂದರೆ ಪ್ಲಾಸ್ಟಿಕ್ ಎಂಬ ತಾತ್ಸಾರ ಅವರದು. ಪ್ಲಾಸ್ಟಿಕ್ ಎಂಬುದು ನಿಜವೇ. ನೀರಿನಲ್ಲಿ ತೇಲುವ ಪಾಲಿಮರ್ ಕಣಗಳ ಜೊತೆ ವರ್ಣದ ಪುಡಿ ಬೆರೆತಿರುತ್ತದೆ. ನೀರು ಆವಿಯಾದಂತೆ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ, ಆಮೇಲೆ ನೀರಿಗೆ ಕರಗುವುದಿಲ್ಲ. ಹಳ್ಳಿಯ ಮನೆಗೆ ಇದು ಅನುಕೂಲ: ಟರ್ಪೆಂಟೈನಿನ ವಾಸನೆ ಇಲ್ಲ, ವಾರಗಟ್ಟಲೆ ಒಣಗಿಸುವ ಕಾಟವಿಲ್ಲ, ತಪ್ಪಿದರೆ ಅರ್ಧ ಗಂಟೆಯಲ್ಲಿ ಅದರ ಮೇಲೆಯೇ ಮತ್ತೆ ಬರೆಯಬಹುದು. ಅಳಿಸುವ ಭಯವಿಲ್ಲದ ಮಗು ಧೈರ್ಯವಾಗಿ ಬರೆಯುತ್ತದೆ.

ಋತುವನ್ನು ಬರೆಯುವ ಬಣ್ಣವೂ ಋತುವಿಗೆ ಅಧೀನವೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ವೈಶಾಖದ ಬಿಸಿಲಲ್ಲಿ ತಾಟಿನ ಮೇಲೆ ಹಿಂಡಿದ ಬಣ್ಣ ಕುಂಚ ಎತ್ತುವಷ್ಟರಲ್ಲಿ ಕೆನೆಗಟ್ಟುತ್ತದೆ. ಅಗಲವಾದ ಡಬ್ಬಿಯಲ್ಲಿ ಒದ್ದೆ ಅರಿವೆ ಹಾಸಿ, ಮೇಲೆ ಬೆಣ್ಣೆ ಕಾಗದವಿಟ್ಟು ಬಣ್ಣ ಹಾಕಿಕೊಂಡರೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಆಷಾಢದ ತೇವದಲ್ಲಿ ಅದೇ ಬಣ್ಣ ಒಣಗಲು ಸತಾಯಿಸುತ್ತದೆ. ಚಳಿ ಸುಮಾರು 10 ಡಿಗ್ರಿಗಿಂತ ಕೆಳಗಿಳಿದರೆ ಪೊರೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಆದುದರಿಂದ ಪುಷ್ಯ ಮಾಸದ ಮುಂಜಾವಿನಲ್ಲಿ ಬಿಸಿಲೇರುವವರೆಗೆ ಕಾಯಬೇಕು. ಹಸಿಯಾಗಿದ್ದಾಗ ಅಂಟು ಹಾಲಿನಂತೆ ಬೆಳ್ಳಗಿದ್ದು ಒಣಗಿದ ಮೇಲೆ ಪಾರದರ್ಶಕವಾಗುವುದರಿಂದ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಎರೆನೆಲಕ್ಕೆ ಟ್ಯೂಬಿನ ಕಪ್ಪು ಬೇಡ. ಬರ್ಂಟ್ ಅಂಬರ್ ಮತ್ತು ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಜೀವವಿರುವ ಕಪ್ಪು ಬರುತ್ತದೆ. ಮುರುಮಿನ ಕೆಂಪಿಗೆ ಬರ್ಂಟ್ ಸಿಯೆನ್ನಾ ಸಹಜವಾಗಿ ಹೊಂದುತ್ತದೆ. ಅಚ್ಚರಿಯೇನಿಲ್ಲ, ಎರಡರ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ. (ಕುಂಚ ತೊಳೆದ ನೀರನ್ನು ಬಾವಿಗಾಗಲಿ ತ್ರಿಪುರಾಂತ ಕೆರೆಗಾಗಲಿ ಚೆಲ್ಲಬೇಡಿ, ಪ್ಲಾಸ್ಟಿಕ್ ಎಂದು ಮೇಲೆಯೇ ಒಪ್ಪಿದ್ದೇನೆ.)

ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ: “ಸರ್, ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಲದೇ?” ದಾಖಲೆಗೆ ಸಾಕಪ್ಪಾ. ಆದರೆ ಫೋಟೋ ತೆಗೆಯುವವನು ಹೊಲದಲ್ಲಿ ಅರೆ ನಿಮಿಷ ನಿಲ್ಲುತ್ತಾನೆ, ಬರೆಯುವವನು ಎರಡು ತಾಸು ಕೂರುತ್ತಾನೆ. ಆ ಎರಡು ತಾಸಿನಲ್ಲಿ ಅವನು ಹೊಲದ ಒಡೆಯನೊಂದಿಗೆ ಮಾತಾಡುತ್ತಾನೆ, ಬೆಳೆಯ ಹೆಸರು ಕೇಳುತ್ತಾನೆ, ಗಾಳಿ ಯಾವ ದಿಕ್ಕಿನದೆಂದು ತಿಳಿಯುತ್ತಾನೆ.

ಇದಕ್ಕೆ ಅವಸರವೂ ಇದೆ. ಈ ಕೆಲವು ದಶಕಗಳಲ್ಲಿ ನಮ್ಮ ಮುಂಗಾರಿನ ಬಣ್ಣವೇ ಬದಲಾಗಿದೆ. ಹಲವು ಬೆಳೆಗಳ ಪಟ್ಟೆಪಟ್ಟೆಯ ಹೊಲಗಳಿದ್ದಲ್ಲಿ ಸೋಯಾ ಹಾಸಿಕೊಂಡಿದೆ. ನೀರಾವರಿ ಸಿಕ್ಕಲ್ಲಿ ಕಬ್ಬು. ರೈತರನ್ನು ನಾನು ದೂರುತ್ತಿಲ್ಲ, ಬೆಲೆ ಬರುವುದನ್ನು ಬೆಳೆಯಲೇಬೇಕು. 65ನೆಯ ರಾಷ್ಟ್ರೀಯ ಹೆದ್ದಾರಿಯ ಬದಿಯ ಹೊಲಗಳಲ್ಲಿ ನಿವೇಶನದ ಕಲ್ಲುಗಳೂ ಕಾಣಿಸತೊಡಗಿವೆ. ಕುಸುಬೆಯ ಹೂವನ್ನೇ ನೋಡದ ಹಳ್ಳಿಯ ಹುಡುಗರನ್ನು ನಾನು ಕಂಡಿದ್ದೇನೆ. ಕಲ್ಯಾಣದ ಕೋಟೆಯನ್ನೂ ಜಲಸಂಗವಿಯ ಶಿಲಾಬಾಲಿಕೆಯರನ್ನೂ ಕಾಯಲು ಸರ್ಕಾರದ ಇಲಾಖೆಗಳಿವೆ. ಒಂದು ಎರೆಹೊಲದ ಡಿಸೆಂಬರ್ ತಿಂಗಳ ಬಣ್ಣವನ್ನು ಕಾಯುವ ಇಲಾಖೆ ಯಾವುದು?

ಎಳ್ಳ ಅಮಾವಾಸ್ಯೆಗೆ ಊರಿಗೆ ಬರುವವರು, ಬಳಗದವರೂ ಶಿಷ್ಯರೂ, ಈ ಸಲ ಮಕ್ಕಳನ್ನು ಕರೆತನ್ನಿ. ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡ ಮೇಲೆ ಮರದ ನೆರಳಿನಲ್ಲಿ ಹೇಗೂ ಎರಡು ತಾಸು ಮಲಗುವುದೇ ತಾನೇ! ಒಂದು ರಟ್ಟು, ಎರಡು ಕುಂಚ, ಐದು ಟ್ಯೂಬು ಸಾಕು: ಬಿಳಿ, ಹಳದಿ ಓಕರ್, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್. ಹಸಿರನ್ನು ಕೊಳ್ಳಬೇಡಿ, ಓಕರ್ ಮತ್ತು ನೀಲಿಯಿಂದ ಮಕ್ಕಳೇ ಮಾಡಿಕೊಳ್ಳಲಿ. ಹಳೆಯ ಡಬ್ಬಿ, ಅರಿವೆ, ನೀರಿನ ತಂಬಿಗೆ ನಾನು ತರುತ್ತೇನೆ.